ಸೇತುವೆಯ ಎಡಬದಿ

ನಮ್ಮ ಶಾಲೆಯಿಂದ ಸಮುದ್ರ ಕಾಣುವುದಿಲ್ಲ, ಕೇಳಿಸುತ್ತದೆ. ಪಶ್ಚಿಮ ಸುಮಾತ್ರಾದ ಈ ಕರಾವಳಿಯಲ್ಲಿ ಹುಟ್ಟಿದವರಿಗೆ ಭೂಮಿ ನಡುಗಿದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ನಡುಕ ನಿಂತ ಕೂಡಲೇ ಗುಡ್ಡ ಹತ್ತಬೇಕು. ಆದರೆ ನಮ್ಮೂರಿನಿಂದ ಗುಡ್ಡಕ್ಕೆ ಇರುವುದು ಒಂದೇ ರಸ್ತೆ. ಅದು ಮೀನು ಮಾರುಕಟ್ಟೆಯ ಪಕ್ಕದಲ್ಲಿ ಹಾದು, ಕಾಲುವೆಯ ಮೇಲಿನ ಹಳೆಯ ಸೇತುವೆಯನ್ನು ದಾಟಿ ಮೇಲಕ್ಕೆ ಹೋಗುತ್ತದೆ. ಎರಡು ವ್ಯಾನುಗಳು ಎದುರಾದರೆ ಕನ್ನಡಿ ಮಡಚಿಕೊಂಡು ಉಸಿರು ಬಿಗಿಹಿಡಿದು ದಾಟಬೇಕಾದಷ್ಟು ಕಿರಿದು ಆ ಸೇತುವೆ. ಶಾಲೆಯಲ್ಲಿ ಪಾಠ ಮಾಡುವ ನಾವು ಸಮುದ್ರಕ್ಕಿಂತ ಹೆಚ್ಚಾಗಿ ಅದಕ್ಕೇ ಹೆದರುತ್ತಿದ್ದೆವು. ಸಮುದ್ರ ಬರಬಹುದು, ಬರದಿರಬಹುದು. ಆ ಸೇತುವೆಯ ಮೇಲೆ ನಮ್ಮ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಮಾತ್ರ ನಮಗೆ ಚೆನ್ನಾಗಿ ಗೊತ್ತಿತ್ತು.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಜೋರಾಗಿ ನಡುಗಿತು. ಮಕ್ಕಳನ್ನು ಸಾಲು ಮಾಡಿಕೊಂಡು ನಾವು ಹೊರಟೆವು. ಸೇತುವೆಗೆ ಬರುವಷ್ಟರಲ್ಲಿ ಆ ಕಡೆಯಿಂದ ಅಪ್ಪಂದಿರು, ಅಮ್ಮಂದಿರು, ಸೋದರಮಾವಂದಿರು ಮೋಟಾರ್ ಸೈಕಲ್ ಏರಿ ಶಾಲೆಯ ಕಡೆಗೆ ನುಗ್ಗಿ ಬರುತ್ತಿದ್ದರು. ಪ್ರತಿಯೊಬ್ಬರಿಗೂ ತಮ್ಮ ಮಗುವನ್ನು ತಾವೇ ಎತ್ತಿಕೊಂಡು ಹೋಗಬೇಕಿತ್ತು. ಎಡ ಬಲ ಎನ್ನದೆ ಸೇತುವೆ ತುಂಬಿಕೊಂಡಿತು. ಮುಂದಿದ್ದವರು ಹಿಂದೆ ಸರಿಯುವಂತಿಲ್ಲ, ಹಿಂದಿದ್ದವರು ಜಾಗ ಬಿಡುವಂತಿಲ್ಲ. ನನ್ನ ಜೊತೆಯ ದೆಸ್ಮಾವತಿಯವರು ಮೂರನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಸೇತುವೆಯ ನಟ್ಟನಡುವೆ ಸಿಕ್ಕಿಕೊಂಡರು. ಗಂಟೆಗೂ ಮೀರಿ ಅಲ್ಲೇ ನಿಂತರು. ಸುತ್ತ ಹಾರನ್ನು, ಬೈಗುಳ, ಹೊಗೆ. ಮಕ್ಕಳು ಅವರ ಬಟ್ಟೆ ಹಿಡಿದುಕೊಂಡು ಸುಮ್ಮನೆ ಕೆಳಗಿನ ಕಾಲುವೆಯನ್ನೇ ನೋಡುತ್ತಿದ್ದವು. ನೀರು ಏರುತ್ತದೆಯೇ ಎಂದು.

ಆ ದಿನ ಸಮುದ್ರ ಬರಲಿಲ್ಲ. ಸಂಜೆ ಕಾಫಿ ಅಂಗಡಿಯಲ್ಲಿ ಗಂಡಸರು, ಯಾರ ಚಪ್ಪಲಿ ಕಳೆದುಹೋಯಿತು, ಯಾರು ಪಕ್ಕದ ಮನೆಯ ಮಗುವನ್ನು ತಮ್ಮದೆಂದು ಎತ್ತಿಕೊಂಡು ಓಡಿದರು ಎಂದು ಹೇಳಿಕೊಂಡು ನಕ್ಕರು. ದೆಸ್ಮಾವತಿಯವರು ನಗಲಿಲ್ಲ. ಅಂದಿನಿಂದ ಅವರ ಮೇಜಿನ ಮೇಲೆ ಯಾವಾಗಲೂ ಒಂದು ಗಾಜಿನ ಲೋಟದಲ್ಲಿ ನೀರು ಇರುತ್ತಿತ್ತು. ಕುಡಿಯಲಿಕ್ಕಲ್ಲ. ಬೀದಿಯಲ್ಲಿ ಲಾರಿ ಹೋದರೂ ಅವರ ಕಣ್ಣು ಆ ಲೋಟದ ಮೇಲೆ ಹೋಗುತ್ತಿತ್ತು.

ಅವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಅಕ್ಕನನ್ನು ಕರೆಯುವಂತೆ ನಾನು ಅವರನ್ನು ಉನಿ ಎನ್ನುತ್ತಿದ್ದೆ. ಸಣಕಲು ಮೈ, ಮೆಲುದನಿ. ಒಂದು ದಿನ ಊಟದ ಹೊತ್ತಿನಲ್ಲಿ ಕೇಳಿದೆ.

"ಉನಿ, ಇಷ್ಟು ಭಯ ಇಟ್ಕೊಂಡು ಈ ಊರಲ್ಲಿ ಯಾಕಿದೀರಾ? ಮೇಲಿನ ಊರಿಗೆ ವರ್ಗ ಮಾಡಿಸ್ಕೋಬಹುದಲ್ಲ."

"ಕೇಳಿದ್ದೆ ನೆಲ್ಮಿ. ಸಿಕ್ಕಿತ್ತು ಕೂಡ. ಹೊರಡೋ ಹಿಂದಿನ ದಿನ ಯೋಚನೆ ಬಂತು, ಆ ಮಕ್ಕಳನ್ನ ಸೇತುವೆ ಮೇಲೆ ಬಿಟ್ಟು ನಾನೊಬ್ಬಳೇ ದಾಟಿಬಿಟ್ಟ ಹಾಗೆ ಅಂತ. ಹೋಗಲಿಲ್ಲ."

ನಮ್ಮ ಮುಖ್ಯೋಪಾಧ್ಯಾಯರು ಬಖ್ತಿಯಾರ್ ಮೇಷ್ಟ್ರು. ಒಳ್ಳೆಯ ಮನುಷ್ಯ, ಆದರೆ ಹೆದರಿಸದೆ ಜನ ನೆಟ್ಟಗಾಗುವುದಿಲ್ಲ ಎಂದು ನಂಬಿದ್ದವರು. ಶಾಲೆಯ ಗೇಟಿಗೆ ಒಂದು ಕಪ್ಪು ಹಲಗೆ ಹಾಕಿಸಿದರು. ಭೂಕಂಪದ ಅಭ್ಯಾಸದ ದಿನ ಯಾರು ಸೇತುವೆಯ ಮೇಲೆ ಅಡ್ಡಾದಿಡ್ಡಿ ಗಾಡಿ ನುಗ್ಗಿಸುತ್ತಾರೋ ಅವರ ಹೆಸರನ್ನು ಅದರ ಮೇಲೆ ದೊಡ್ಡದಾಗಿ ಬರೆಸುತ್ತಿದ್ದರು. ಮೊದಲ ಸಲವೇ ಮೇಲುಗಡೆ ಬಂದದ್ದು ದರ್ವಿಸನ ಹೆಸರು.

ದರ್ವಿಸ್ ಬಾಡಿಗೆ ವ್ಯಾನು ಓಡಿಸುವವನು. ಕಿತ್ತಳೆ ಬಣ್ಣದ ಗಾಡಿ, ಸೀಟಿನ ಕೆಳಗೆ ಎದೆ ನಡುಗಿಸುವ ಸ್ಪೀಕರು, ಗಾಜಿನ ತುಂಬ ಚಿತ್ರಗಳು. ಅವನಿಗೆ ರಸ್ತೆಯಲ್ಲಿ ಎಡಬದಿ ಎಂಬುದೊಂದು ಇದೆ ಎಂದೇ ಗೊತ್ತಿದ್ದಂತಿರಲಿಲ್ಲ. ಹಲಗೆಯ ಸುದ್ದಿ ಕೇಳಿ ಅವನು ಬಂದು, ತನ್ನ ಹೆಸರಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ಮಾರನೆಯ ದಿನ ವ್ಯಾನಿನ ಹಿಂದಿನ ಗಾಜಿನ ಮೇಲೆ 'ಶಾಲೆಗೇ ಪ್ರಥಮ' ಎಂದು ಬರೆಸಿಕೊಂಡು ಊರೆಲ್ಲ ತಿರುಗಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ಅಭ್ಯಾಸದಲ್ಲಿ ಹಲಗೆಗೆ ಹೆಸರು ಬರಲೆಂದೇ ಇನ್ನೂ ನಾಲ್ಕು ಜನ ನುಗ್ಗಿದರು. ಬಖ್ತಿಯಾರ್ ಮೇಷ್ಟ್ರು ಹಲಗೆ ಇಳಿಸಿದರು.

ಉನಿ ಶುರು ಮಾಡಿದ್ದು ಆಮೇಲೆ. ಯಾರಿಗೂ ಏನೂ ಹೇಳದೆ, ಶಾಲೆ ಬಿಡುವ ಹೊತ್ತಿಗೆ ಸೇತುವೆಯ ಬಾಯಲ್ಲಿ ಹೋಗಿ ನಿಲ್ಲತೊಡಗಿದರು. ಕೈಯಲ್ಲಿ ಕೋಲಿಲ್ಲ, ಬಾಯಲ್ಲಿ ಸೀಟಿಯಿಲ್ಲ. ಅಡ್ಡ ನುಗ್ಗಿದವರನ್ನು ನೋಡಿಯೂ ನೋಡದಂತಿರುತ್ತಿದ್ದರು. ಯಾರಾದರೂ ಎಡಬದಿ ಹಿಡಿದು, ಎದುರಿನವರಿಗೆ ದಾರಿ ಬಿಟ್ಟು ಕಾದರೆ ಮಾತ್ರ ಅವರ ಹತ್ತಿರ ಹೋಗಿ, ಹೆಂಗಸರಾದರೆ ಉನಿ, ಗಂಡಸರಾದರೆ ಅಣ್ಣ ಎನ್ನುವಂತೆ ಉದಾ ಎಂದು ಸೇರಿಸಿ ಹೆಸರು ಹಿಡಿದು, "ಉಪಕಾರವಾಯ್ತು ಉನಿ ಮರ್ನಿಸ್," "ಉದಾ ಅಫ್ನಿ, ನೀವು ಕಾದಿದ್ದಕ್ಕೆ ಮಕ್ಕಳು ಸಲೀಸಾಗಿ ದಾಟಿದ್ವು," ಎನ್ನುತ್ತಿದ್ದರು. ಅಷ್ಟೇ. ಹೆಸರು ಗೊತ್ತಿಲ್ಲದಿದ್ದರೆ ಮೊದಲು ಹೆಸರು ಕೇಳುತ್ತಿದ್ದರು, ಮಾರನೆಯ ದಿನ ಮರೆಯುತ್ತಿರಲಿಲ್ಲ.

ಮೊದಮೊದಲು ಜನಕ್ಕೆ ಮುಜುಗರ. ನಡುವಯಸ್ಸಿನ ಗಂಡಸಿಗೆ, ಅಣ್ಣಾ ನೀನು ದಾರಿ ಬಿಟ್ಟೆ ಎಂದು ಟೀಚರು ಬೀದಿಯಲ್ಲಿ ಕೈಮುಗಿದರೆ ಅವನು ಮುಖ ಎಲ್ಲಿಡಬೇಕು? ಮೀನು ಮಾರುವ ಮರ್ನಿಸ್ ನನ್ನ ಹತ್ತಿರವೇ ಗೊಣಗಿದಳು.

"ನಿಮ್ಮ ಟೀಚರಮ್ಮಂಗೆ ತಲೆ ಸರಿ ಇದೆಯಾ? ನಾನು ಬುಟ್ಟಿ ಇಳಿಸೋಕೆ ನಿಂತಿದ್ದೆ ಕಣಮ್ಮಾ. ಉಪಕಾರ ಅಂದ್ಬಿಟ್ರು. ಈಗ ದಿನಾ ನಿಲ್ಲಬೇಕಾಗಿದೆ."

ಅವಳು ದಿನಾ ನಿಂತಳು. ಅವಳ ಹಿಂದೆ ಬರುವವರೂ ನಿಂತರು. ಅವಳನ್ನು ದಾಟಿಕೊಂಡು ಮುಂದೆ ಹೋಗುವ ಧೈರ್ಯ ಯಾರಿಗಿದೆ? ನಿಧಾನವಾಗಿ, ಶಾಲೆ ಬಿಡುವ ಹೊತ್ತಿನಲ್ಲಿ ಸೇತುವೆಯ ಒಂದು ಬದಿ ಖಾಲಿಯಿರುವುದು ಕಾಣತೊಡಗಿತು.

ದರ್ವಿಸ್ ಮಾತ್ರ ಬಗ್ಗಲಿಲ್ಲ. ಒಂದು ಮಧ್ಯಾಹ್ನ ಅವನ ವ್ಯಾನು ಎಂದಿನಂತೆ ಅಡ್ಡ ಬಂದು ಉನಿಯ ಮೊಣಕಾಲಿಗೆ ತಾಗುವಷ್ಟು ಹತ್ತಿರ ನಿಂತಿತು. ನಾನು ಪಕ್ಕದಲ್ಲೇ ಇದ್ದೆ. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಊರವರು ಟೀಚರಮ್ಮಂದಿರನ್ನು ಕರೆಯುವಂತೆ ಇಬು ಎಂದು ಕರೆದ.

"ಏನ್ ಇಬು ಟೀಚರ್, ನನಗೊಂದು ದಿನಾನೂ ಉಪಕಾರ ಅನ್ಲಿಲ್ಲವಲ್ಲ. ನಾವೇನು ಪಾಪ ಮಾಡಿದೀವಿ?"

"ನೀವು ಒಂದು ದಿನ ನಿಲ್ಲಿ ಉದಾ. ಅಂತೀನಿ."

"ಇವತ್ತು ನಿಲ್ತೀನಿ, ನಾಳೆ ನಿಲ್ತೀನಿ. ನೆಲ ನಡುಗಿದ ದಿನ ನಿಲ್ಲಲ್ಲ. ಈಗಲೇ ಹೇಳ್ಬಿಡ್ತೀನಿ, ಆಮೇಲೆ ಬೈಕೋಬೇಡಿ." ಅವನ ಮುಖದ ನಗು ಹೋಗಿತ್ತು. ಸ್ಪೀಕರಿನ ಸದ್ದು ತಗ್ಗಿಸಿದ. "ನಮ್ಮ ಮುತಿಯಾಗೆ ಉಬ್ಬಸ. ನಾಲ್ಕು ಮೆಟ್ಟಿಲು ಹತ್ತಿದ್ರೆ ಸಿಳ್ಳೆ ಹೊಡಿಯುತ್ತೆ ಎದೆ. ಆ ಗುಡ್ಡ ಹತ್ತುತ್ತಾ ಅದು? ನೀವು ಅಷ್ಟು ಮಕ್ಕಳನ್ನ ಇಟ್ಕೊಂಡು ಓಡ್ತೀರಾ. ನನ್ನ ಮಗಳು ಹಿಂದೆ ಬಿದ್ರೆ ಯಾರು ತಿರುಗಿ ನೋಡ್ತಾರೆ? ಹೇಳಿ."

ಉನಿ ಹೇಳಿದರು, "ನಾನು ಹೊತ್ಕೊಂಡು ಹೋಗ್ತೀನಿ."

ದರ್ವಿಸ್ ಅವರನ್ನು ಮೇಲಿನಿಂದ ಕೆಳಗೆ ನೋಡಿದ. "ನೀವೇ ಗಾಳಿಗೆ ಹಾರಿಹೋಗೋ ಹಾಗಿದೀರಾ," ಎಂದು ಗಾಡಿ ಹೊರಡಿಸಿದ.

ಶಾಲೆಗೆ ಮರಳುವಾಗ ಉನಿ, "ಅವನು ಪುಂಡ ಅಂದ್ಕೊಂಡಿದ್ದೆ ನೆಲ್ಮಿ. ಅವನಿಗೂ ನನ್ನಷ್ಟೇ ಭಯ," ಎಂದರು. "ಹೀಗಿರುವಾಗ ನಿಲ್ಲಿ ಅಂತ ಹೇಳಿದ್ರೆ ಯಾರು ನಿಲ್ತಾರೆ? ನಾವು ಮಕ್ಕಳನ್ನ ಮೇಲೆ ಮುಟ್ಟಿಸ್ತೀವಿ ಅಂತ ಅವರು ಕಣ್ಣಾರೆ ನೋಡಬೇಕು."

ತಿಂಗಳಿಗೊಂದು ಶುಕ್ರವಾರ ಬೆಳಿಗ್ಗೆ, ಕವಾಯತಿನ ಬದಲು, ಮಕ್ಕಳೆಲ್ಲ ಗುಡ್ಡಕ್ಕೆ ನಡೆಯುವುದು ಎಂದಾಯಿತು. ಅಪ್ಪ ಅಮ್ಮ ಶಾಲೆಗೆ ಬರಬಾರದು, ನೇರವಾಗಿ ಗುಡ್ಡದ ಮೇಲಿನ ಮಸೀದಿಯ ಅಂಗಳಕ್ಕೆ ಹೋಗಿ ಕಾಯಬೇಕು. ಅಲ್ಲಿ ದೊಡ್ಡ ಹಂಡೆಯಲ್ಲಿ ತೆಂಗಿನ ಹಾಲು, ತಾಳೆಬೆಲ್ಲ ಹಾಕಿದ ಹೆಸರುಕಾಳಿನ ಗಂಜಿ ಬೇಯುತ್ತಿರುತ್ತಿತ್ತು. ಸಾಲಾಗಿ ಬೆವರುತ್ತ ಬಂದ ಮಕ್ಕಳನ್ನು ಹೆಸರು ಕರೆದು ಅವರವರ ಮನೆಯವರ ಕೈಗೆ ಒಪ್ಪಿಸುತ್ತಿದ್ದೆವು. ಮೊದಲ ಸಲ ಬಂದದ್ದು ಬೆರಳೆಣಿಕೆಯ ಅಜ್ಜಿಯರು. ಗಂಜಿಯ ಸುದ್ದಿ ಹಬ್ಬಿತೋ, ಮಕ್ಕಳು ಮನೆಯಲ್ಲಿ ಹಠ ಮಾಡಿದವೋ, ಆಮೇಲಾಮೇಲೆ ಅಂಗಳ ತುಂಬತೊಡಗಿತು. ಬಖ್ತಿಯಾರ್ ಮೇಷ್ಟ್ರೇ ಸೌಟು ಹಿಡಿದು ಬಡಿಸುತ್ತಿದ್ದರು. ಉನಿ ಪ್ರತಿ ಸಲವೂ ಮುತಿಯಾಳನ್ನು ಏರಿನ ಬುಡದಿಂದ ಬೆನ್ನ ಮೇಲೆ ಹೊತ್ತು ತರುತ್ತಿದ್ದರು. ಅರ್ಧ ದಾರಿಯಲ್ಲಿ ಅವರ ತುಟಿ ಬಿಳಿಚಿಕೊಳ್ಳುತ್ತಿತ್ತು. ನಾನು ಎತ್ತಿಕೊಳ್ಳುತ್ತೇನೆಂದರೆ ಕೊಡುತ್ತಿರಲಿಲ್ಲ.

ದರ್ವಿಸ್ ಒಂದೇ ಸಲ ಬಂದ. ದೂರದಲ್ಲಿ ಬೇಲಿಗೆ ಒರಗಿ ನಿಂತು, ಮಗಳು ಬೆನ್ನಿನಿಂದ ಇಳಿಯುವುದನ್ನು ನೋಡಿದ. ಗಂಜಿ ಕುಡಿಯಲಿಲ್ಲ. ಮಗಳನ್ನು ಕರೆದುಕೊಂಡು ಹೋದ. ಸೇತುವೆಯ ಮೇಲೆ ಅವನ ಓಡಾಟ ಏನೂ ಬದಲಾಗಲಿಲ್ಲ.

ಬರದೆ ಉಳಿದವರಲ್ಲಿ ಎರ್ನಾ ಎಂಬ ಹೆಂಗಸೂ ಒಬ್ಬಳು. ಆ ವರ್ಷ ಒಳನಾಡಿನಿಂದ ಮಗನನ್ನು ಕರೆದುಕೊಂಡು ಬಂದು, ತೆಂಗಿನ ತೋಪಿನಾಚೆ ಕಡಲ ದಂಡೆಯ ಮೇಲೆ ಒಂದು ಕೋಣೆ ಹಿಡಿದಿದ್ದಳು. ಮೀನು ಒಣಗಿಸುವ ಅಂಗಳದಲ್ಲಿ ಕೆಲಸ. ಮಗ ರಾಫ್ಕಿ ನನ್ನ ಒಂದನೇ ತರಗತಿಯಲ್ಲಿದ್ದ. ಅವಳ ದಾರಿ ದಂಡೆಯ ಮೇಲಿನಿಂದ ನೇರ ಶಾಲೆಗೆ, ಸೇತುವೆಯ ಕಡೆ ಬರುವ ಕೆಲಸವೇ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಬಿಸಿಲು ಏರುವ ಮೊದಲು ಮೀನು ಹರಡಬೇಕು, ಯಜಮಾನ ಬಿಡುವುದಿಲ್ಲ ಎಂದು ಹುಡುಗ ಹೇಳಿದ್ದ. ಉನಿ ಅವಳ ಕೆಲಸದ ಜಾಗಕ್ಕೆ ಒಮ್ಮೆ ಹೋಗಿದ್ದರು. ಅವಳು ಪೇಟೆಗೆ ಹೋಗಿದ್ದಳಂತೆ. ಮತ್ತೆ ಹೋಗೋಣ ಎಂದುಕೊಂಡಿದ್ದೆವು.

ನಡುಕ ಬಂದದ್ದು ಮಳೆಗಾಲ ಶುರುವಾದ ಮೇಲೆ, ಒಂದು ಮೋಡದ ಬೆಳಿಗ್ಗೆ. ನಾನು ಹಲಗೆಯ ಕಡೆ ತಿರುಗಿ ಬರೆಯುತ್ತಿದ್ದೆ. ಸುಣ್ಣದ ಕಡ್ಡಿ ತಾನಾಗಿಯೇ ಜಾರಿ ಗೆರೆ ಎಳೆಯಿತು. ತಲೆ ಸುತ್ತುತ್ತಿದೆಯೇನೋ ಎಂದುಕೊಂಡೆ. ಅಷ್ಟರಲ್ಲಿ ನೆಲದ ಕೆಳಗೆ ಯಾವುದೋ ಭಾರಿ ಗಾಡಿ ಉರುಳಿಬಂದ ಹಾಗೆ ಸದ್ದಾಗಿ ಗೋಡೆಗಳು ಅಲುಗಾಡಿದವು. ಮಕ್ಕಳು ಹೇಳದೆಯೇ ಮೇಜಿನ ಕೆಳಗೆ ತೂರಿಕೊಂಡವು. ನಾನು ಬಾಗಿಲ ಬಳಿಯ ಮೇಜಿನ ಕಾಲು ಹಿಡಿದು ಕುಳಿತೆ. ಹೆಂಚು ಬಿದ್ದವು. ಗೋಡೆಯ ಮೇಲಿನ ಭೂಪಟ ಬಿತ್ತು. ನಿಲ್ಲಲಿ, ನಿಲ್ಲಲಿ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಅದು ನಿಲ್ಲಲಿಲ್ಲ. ಚಿಕ್ಕ ನಡುಕವಾದರೆ ಉಸಿರೆಳೆಯುವಷ್ಟರಲ್ಲಿ ಮುಗಿಯುತ್ತದೆ. ಇದು ಮುಗಿಯುತ್ತಲೇ ಇರಲಿಲ್ಲ. ಇಷ್ಟು ಉದ್ದದ ನಡುಕದ ಅರ್ಥ ನಮಗೆಲ್ಲ ಗೊತ್ತು.

ನಿಂತಾಗ ಯಾರೂ ಅಳುತ್ತಿರಲಿಲ್ಲ. ಅದೇ ಹೆಚ್ಚು ಹೆದರಿಸಿತು. ಅಂಗಳಕ್ಕೆ ಬಂದೆವು. ಉನಿ ಆಗಲೇ ತಮ್ಮ ಸಾಲು ಕಟ್ಟಿ ನಿಂತಿದ್ದರು. ಅವರ ದನಿ ಪಾಠ ಹೇಳುವ ದನಿಯೇ.

"ಶುಕ್ರವಾರದ ಹಾಗೇ ಮಕ್ಕಳೇ. ಓಡಬೇಡಿ. ಮುಂದಿನವರ ಹೆಗಲು ಹಿಡ್ಕೊಳ್ಳಿ. ಮುತಿಯಾ, ಬಾ, ಹತ್ಕೋ."

ಬಖ್ತಿಯಾರ್ ಮೇಷ್ಟ್ರು ಪ್ರತಿ ಕೋಣೆಗೂ ಹೋಗಿ ನೋಡಿ ಬಂದು ಗೇಟು ತೆಗೆದರು. ಹೊರಟೆವು. ಆಗ ನನಗೆ ಅರಿವಾಯಿತು. ತೆಂಗಿನ ತೋಪಿನಾಚೆಯಿಂದ ಸಮುದ್ರದ ಸದ್ದು ಬರುತ್ತಿರಲಿಲ್ಲ. ನಾನು ಉನಿಯ ಮುಖ ನೋಡಿದೆ. ಅವರಿಗೂ ಗೊತ್ತಾಗಿತ್ತು. ಮಕ್ಕಳಿಗೆ ಕಾಣದ ಹಾಗೆ ಕಣ್ಣಲ್ಲೇ, ಮಾತಾಡಬೇಡ ಎಂದರು.

ಮಾರುಕಟ್ಟೆಯ ತಿರುವಿನಲ್ಲಿ ಹಾರನ್ನುಗಳು ಕೇಳಿಸಿದವು. ಮತ್ತೆ ಅದೇ ಆಗುತ್ತದೆ, ಈ ಸಲ ನಮ್ಮ ಹಿಂದೆ ನೀರು ಬರುತ್ತದೆ ಎಂದುಕೊಂಡೆ. ತಿರುವು ದಾಟಿದರೆ ಕಂಡದ್ದೇ ಬೇರೆ. ಸೇತುವೆಯ ಈ ಬಾಯಲ್ಲಿ ಮರ್ನಿಸ್ ರಸ್ತೆಗೆ ಅಡ್ಡಲಾಗಿ ತನ್ನ ಮೀನಿನ ಬುಟ್ಟಿಗಳನ್ನು ಸಾಲಾಗಿಟ್ಟು, ನುಗ್ಗಲು ಬಂದ ಬೈಕುಗಳನ್ನೆಲ್ಲ ಒಂದು ಬದಿಗೆ ಹಿಡಿದು ನಿಲ್ಲಿಸಿದ್ದಳು.

"ಎಡಕ್ಕೆ, ಎಡಕ್ಕೆ. ಶಾಲೆ ಮಕ್ಕಳು ಬರ್ತಿವೆ, ಕಣ್ಣು ಕಾಣಲ್ವಾ? ಲೇ ಅಫ್ನಿ, ನಿನ್ನ ಗಾಡಿ ಅಲ್ಲೇ ಒಗೆದು ಕಾಲಲ್ಲಿ ನಡಿ. ಗಾಡಿ ಆಮೇಲೆ ಕೊಂಡ್ಕೊಳ್ಳೋವಂತೆ."

ಜನ ಬಿಳಿಚಿಕೊಂಡಿದ್ದರು, ಆದರೂ ಎಡಕ್ಕೆ ಸರಿದಿದ್ದರು. ಮೇಲುಗಡೆಯಿಂದಲೂ ಹೆಚ್ಚು ಜನ ಇಳಿದಿರಲಿಲ್ಲ. ಬಂದ ಕೆಲವರು ಆ ತುದಿಯಲ್ಲೇ ನಿಂತು ಕೈಬೀಸಿ ಮಕ್ಕಳ ಹೆಸರು ಕೂಗುತ್ತಿದ್ದರು. ನಮ್ಮ ಸಾಲು ಸೇತುವೆಗೆ ಕಾಲಿಟ್ಟಿತು.

ಅರ್ಧ ದಾಟಿದ್ದೆವೋ ಇಲ್ಲವೋ, ಎದುರಿನಿಂದ ಕಿತ್ತಳೆ ಬಣ್ಣದ ವ್ಯಾನು ದಢದಢನೆ ಸೇತುವೆಗೆ ನುಗ್ಗಿತು. ಅದರ ಹಿಂದೆ, ಅವನು ದಾರಿ ಮಾಡಿದನೆಂದು, ಏಳೆಂಟು ಬೈಕುಗಳು. ಮುಂದಿದ್ದ ಮಕ್ಕಳು ಚೀರಿ ಕಟಕಟೆಗೆ ಅಂಟಿಕೊಂಡವು. ಗಾಡಿ ನಮ್ಮ ಸಾಲಿನ ತಲೆಯ ಹತ್ತಿರ ಬ್ರೇಕು ಹಾಕಿ ನಿಂತಿತು. ದಾರಿ ಮುಚ್ಚಿಹೋಯಿತು. ಎರಡು ಬದಿಯಲ್ಲೂ ಒಂದು ಮಗು ನುಸುಳುವಷ್ಟೇ ಜಾಗ.

ದರ್ವಿಸ್ ಹಾರಿ ಇಳಿದ. "ಮುತಿಯಾ ಎಲ್ಲಿ? ಮುತಿಯಾ."

ಉನಿ ಮಕ್ಕಳ ನಡುವಿನಿಂದ ಮುಂದೆ ಬಂದರು. ಬೆನ್ನ ಮೇಲೆ ಮುತಿಯಾ ಕಣ್ಣು ಮುಚ್ಚಿಕೊಂಡಿದ್ದಳು. ಅವಳ ಎದೆಯ ಸಿಳ್ಳೆ ನನಗೂ ಕೇಳಿಸುತ್ತಿತ್ತು. ಅವನು ಕೈ ಚಾಚಿದ.

"ಕೊಡಿ ಇಲ್ಲಿ. ಗಾಡಿಯಲ್ಲಿ ಕರ್ಕೊಂಡು ಹೋಗ್ತೀನಿ."

"ಎಲ್ಲಿ ತಿರುಗಿಸ್ತೀರಾ ಉದಾ?" ಉನಿ ಕೇಳಿದರು. "ಇಲ್ಲಿ ತಿರುಗಿಸೋಕಾಗುತ್ತಾ? ನಿಮ್ಮ ಗಾಡಿ ಇಲ್ಲಿ ಅಡ್ಡ ನಿಂತ್ರೆ ಇವು ಯಾವುವೂ ಮೇಲೆ ಹೋಗಲ್ಲ. ಇವಳೂ ಹೋಗಲ್ಲ."

ಅವನು ಹಿಂದೆ ನೋಡಿದ, ಮುಂದೆ ನೋಡಿದ. ಕೆಳಗೆ ಕಾಲುವೆಯ ನೀರು ಸಮುದ್ರದ ಕಡೆಗೆ ಎಳೆದುಕೊಂಡು ಓಡುತ್ತಿತ್ತು. ಇಷ್ಟು ವರ್ಷದಲ್ಲಿ ಕಾಣದ ಕೆಸರಿನ ತಳ ಹೊರಗೆ ಬಿದ್ದಿತ್ತು, ಅದರ ಮೇಲೆ ಮೀನುಗಳು ಒದ್ದಾಡುತ್ತಿದ್ದವು. ಅದನ್ನು ಎಲ್ಲರೂ ನೋಡಿದೆವು.

"ಹಿಂದಕ್ಕೆ ತಗೊಳ್ಳಿ ಉದಾ," ಉನಿ ಮೆಲ್ಲಗೆ ಹೇಳಿದರು. "ನಾನು ನಿಮ್ಮ ಮುಂದೆಯೇ ಬರ್ತೀನಿ. ಇವಳನ್ನ ಇಳಿಸಲ್ಲ."

ಅವನು ಮಗಳ ಕಾಲನ್ನು ಒಂದು ಸಲ ಮುಟ್ಟಿದ. ಹೋಗಿ ವ್ಯಾನಿನಲ್ಲಿ ಕುಳಿತ. ಸ್ಪೀಕರಿನ ಹಾಡು ಇನ್ನೂ ಬಡಿಯುತ್ತಿತ್ತು, ಅದನ್ನು ನಿಲ್ಲಿಸಿದ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಹಿಂದಿನ ಬೈಕಿನವರಿಗೆ ಕೂಗಿದ.

"ಅಣ್ಣಂದಿರೇ, ಹಿಂದೆ ಸರೀರಿ. ನನ್ನದೇ ತಪ್ಪು, ನಾನೇ ನುಗ್ಗಿದ್ದು. ಕಾಲಿಗೆ ಬೀಳ್ತೀನಿ, ಹಿಂದೆ ಸರೀರಿ. ಮಕ್ಕಳಿದಾರೆ."

ಆ ಬಾಯಿಂದ ಅಂಥ ಮಾತು ಊರಿನಲ್ಲಿ ಯಾರೂ ಕೇಳಿರಲಿಲ್ಲ. ಕೊನೆಯ ಬೈಕಿನವನು ಮೊದಲು ಕಾಲೂರಿಕೊಂಡು ಹಿಂದೆ ತಳ್ಳತೊಡಗಿದ. ಒಬ್ಬೊಬ್ಬರಾಗಿ ಸರಿದರು. "ಉಪಕಾರ ಅಣ್ಣ, ಉಪಕಾರ," ಎನ್ನುತ್ತ ದರ್ವಿಸ್ ವ್ಯಾನನ್ನು ಹಿಮ್ಮುಖವಾಗಿ ಬಿಟ್ಟ. ಹಿಂದೆ ನೋಡಿಕೊಂಡು ಓಡಿಸಬೇಕಿತ್ತು. ಎದುರಿನ ಗಾಜಿನ ಮುಂದೆಯೇ, ಕೈಗೆಟುಕುವಷ್ಟು ಹತ್ತಿರದಲ್ಲಿ, ಅವನ ಮಗಳು ಬೇರೊಬ್ಬರ ಬೆನ್ನ ಮೇಲೆ ಉಸಿರಿಗೆ ಒದ್ದಾಡುತ್ತಿದ್ದಳು. ಅವನು ಮುಂದಕ್ಕೆ ತಿರುಗಿ ನೋಡುವಂತಿರಲಿಲ್ಲ. ನೋಡಿದರೆ ಗಾಡಿ ಕಟಕಟೆಗೆ ತಾಗಿ ಸಿಕ್ಕಿಬೀಳುತ್ತಿತ್ತು. ಸೇತುವೆ ಮುಗಿಯುವವರೆಗೂ ಅವನು ಒಮ್ಮೆಯೂ ತಿರುಗಲಿಲ್ಲ. ಅವನ ಕತ್ತಿನ ನರ ಹಗ್ಗದಂತೆ ಎದ್ದು ನಿಂತಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ತುದಿಯಲ್ಲಿ ವ್ಯಾನನ್ನು ಅವನು ಪಕ್ಕದ ಚರಂಡಿಗೆ ಇಳಿಸಿಬಿಟ್ಟ. ಅದು ವಾಲಿಕೊಂಡು ನಿಂತಿತು. ಇಳಿದು ಬಂದು ಉನಿಯ ಬೆನ್ನಿನಿಂದ ಮಗಳನ್ನು ತೆಗೆದುಕೊಂಡ. ಇನ್ನೊಂದು ಕೈಯಿಂದ, ಕುಂಟುತ್ತಿದ್ದ ಒಂದನೇ ತರಗತಿಯ ಹುಡುಗನನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡ. ಅದು ರಾಫ್ಕಿ. ಓಡುತ್ತ, ನಿಲ್ಲುತ್ತ, ಮತ್ತೆ ಓಡುತ್ತ ನಾವೆಲ್ಲ ಏರು ಹತ್ತಿದೆವು, ನಮ್ಮ ಹಿಂದೆಯೇ ಮರ್ನಿಸ್, ಅವಳು ತಡೆದು ನಿಲ್ಲಿಸಿದ್ದವರು.

ಮಸೀದಿಯ ಅಂಗಳಕ್ಕೆ ಬಂದು ತಿರುಗಿ ನೋಡಿದಾಗ ಮೊದಲು ಏನೂ ಕಾಣಲಿಲ್ಲ. ಬೂದು ಬಣ್ಣದ ಆಕಾಶ, ಬೂದು ಬಣ್ಣದ ದಂಡೆ, ಅದರಾಚೆ ಬಹಳ ದೂರಕ್ಕೆ ಹೋಗಿಬಿಟ್ಟ ನೀರು. ಆಮೇಲೆ ಒಂದು ಗೆರೆ ಕಂಡಿತು. ಅದು ನಿಧಾನವಾಗಿ ಬರುತ್ತಿದೆ ಎನ್ನಿಸಿತು. ತೋಪಿಗೆ ಬಂದಾಗ ಅದು ನಿಧಾನವಲ್ಲ ಎಂದು ಗೊತ್ತಾಯಿತು. ತೆಂಗಿನ ಮರಗಳು ಒಂದರ ಹಿಂದೊಂದು ಬಾಗಿದವು. ನಮ್ಮ ಶಾಲೆಯ ಕೆಂಪು ಮಾಡು ಮಾತ್ರ ಸ್ವಲ್ಪ ಹೊತ್ತು ಕಾಣುತ್ತಿತ್ತು, ಸುತ್ತಲೂ ಕಂದು ನೀರು, ನೀರಿನ ಮೇಲೆ ದೋಣಿಗಳು, ಹಲಗೆಗಳು. ಯಾರೋ ಪ್ರಾರ್ಥನೆ ಶುರು ಮಾಡಿದರು. ಸಣ್ಣ ಮಕ್ಕಳಿಗೆ ಕಾಣದಂತೆ ಅಮ್ಮಂದಿರು ತಲೆವಸ್ತ್ರದ ತುದಿಯಲ್ಲಿ ಅವುಗಳ ಮುಖ ಮುಚ್ಚಿದರು.

ಬಖ್ತಿಯಾರ್ ಮೇಷ್ಟ್ರು ಹೆಸರು ಕರೆದರು. ಒಂದು ಹೆಸರಿಗೂ ಉತ್ತರ ತಪ್ಪಲಿಲ್ಲ. ಮುಗಿದಾಗ ಅವರು ನೆಲದ ಮೇಲೆ ಕುಸಿದು ಕುಳಿತು ಮಗುವಿನ ಹಾಗೆ ಅತ್ತರು. ಆಮೇಲೆ ಮಕ್ಕಳನ್ನು ಒಪ್ಪಿಸಲು ಶುರು ಮಾಡಿದೆವು, ಶುಕ್ರವಾರದ ಹಾಗೆಯೇ. ಕರೆದ ಹೆಸರಿನವರು ಮುಂದೆ ಬರುವರು, ಮಗುವನ್ನು ತಬ್ಬಿಕೊಳ್ಳುವರು. ಸಾಲು ಕರಗುತ್ತ ಬಂತು. ಕೊನೆಗೆ ರಾಫ್ಕಿ ಒಬ್ಬನೇ ಉಳಿದ.

"ಅಮ್ಮ ಬರ್ತಾಳೆ," ಎಂದ ಅವನು, ನಾನು ಏನೂ ಕೇಳದಿದ್ದರೂ. "ಅವಳಿಗೆ ಶಾಲೆ ದಾರಿ ಗೊತ್ತು."

ಆ ಮಾತು ಕೇಳಿದ ಉನಿಯ ಮುಖವನ್ನು ನಾನು ನೋಡಲಾರದೆ ಹೋದೆ.

ಎರ್ನಾ ಬರಲಿಲ್ಲ. ಮೀನು ಒಣಗಿಸುವ ಅಂಗಳದಿಂದ, ಬಂಡೆಗಳ ನಡುವಿನ ಕಾಲುಹಾದಿಯಲ್ಲಿ, ಗುಡ್ಡದ ಹಿಂಬದಿಗೆ ಓಡಿ ಪಾರಾದ ಹೆಂಗಸರು ಮಾರನೆಯ ದಿನ ಹೇಳಿದರು. ನಡುಕ ನಿಂತ ಕೂಡಲೇ ಅವಳು ಅವರ ಜೊತೆಯೇ ಓಡಿದ್ದಳಂತೆ. ಸ್ವಲ್ಪ ದೂರ ಬಂದವಳು, "ಮಗ ಶಾಲೆಯಲ್ಲಿದಾನೆ," ಎಂದು ತಿರುಗಿ ದಂಡೆಯ ಮೇಲೆ ಶಾಲೆಯ ಕಡೆಗೆ ಓಡಿದಳಂತೆ. ಶಾಲೆಯವರು ಕರ್ಕೊಂಡು ಹೋಗಿರ್ತಾರೆ ಬಾ ಎಂದು ಕೂಗಿದರಂತೆ. ಅವಳು ನಂಬಲಿಲ್ಲ. ನಂಬಲು ಅವಳು ಒಂದು ಶುಕ್ರವಾರವೂ ನೋಡಿರಲಿಲ್ಲ. ನೀರು ಇಳಿದ ಮೇಲೆ ಅವಳನ್ನು ತೋಪಿನಲ್ಲಿ ಕಂಡರು.

ಒಳನಾಡಿನಿಂದ ಅವಳ ಅಕ್ಕ ಬಂದು ರಾಫ್ಕಿಯನ್ನು ಕರೆದುಕೊಂಡು ಹೋದಳು. ಬಸ್ಸು ಹತ್ತುವ ಮೊದಲು ಅವಳು ಉನಿಯ ಕೈಹಿಡಿದು, "ಹುಡುಗನನ್ನಾದ್ರೂ ಉಳಿಸಿಕೊಟ್ರಲ್ಲ," ಎಂದಳು. ಉನಿ ತಲೆಯಾಡಿಸಿದರು. ಬಸ್ಸು ಹೋದ ಮೇಲೆ ನನ್ನ ಹತ್ತಿರ, "ಒಂದು ಸಲ ಹೋಗಿ, ಸಿಗಲಿಲ್ಲ ಅಂತ ವಾಪಸ್ ಬಂದೆನಲ್ಲ ನೆಲ್ಮಿ," ಎಂದರು.

ಕೆಸರು ಬಳಿದು ಶಾಲೆ ಮತ್ತೆ ಶುರುವಾಗಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಮಸೀದಿಯ ಅಂಗಳದಲ್ಲೇ ಪಾಠ ನಡೆಯಿತು. ದರ್ವಿಸನ ವ್ಯಾನನ್ನು ನಾಲ್ಕಾರು ಜನ ಸೇರಿ ಚರಂಡಿಯಿಂದ ಎತ್ತಿದರು. ಅವನು ಈಗಲೂ ಒರಟು, ಈಗಲೂ ಹಾಡು ಜೋರು. ಸೇತುವೆಯ ಮೇಲೆ ಮಾತ್ರ ಕಾಯುತ್ತಾನೆ. ಉನಿ ಉಪಕಾರ ಎನ್ನಲು ಹತ್ತಿರ ಹೋದರೆ, "ಬೇಡ ಇಬು, ದಯವಿಟ್ಟು ಅನ್ಬೇಡಿ," ಎಂದು ಮುಖ ತಿರುಗಿಸುತ್ತಾನೆ.

ಮೀನು ಒಣಗಿಸುವ ಅಂಗಳದ ಯಜಮಾನನ ಹತ್ತಿರ ಹೋಗಿ, ಶುಕ್ರವಾರ ಹೆಂಗಸರನ್ನು ಬಿಡಬೇಕೆಂದು ಒಪ್ಪಿಸಿದವರು ಬಖ್ತಿಯಾರ್ ಮೇಷ್ಟ್ರು. ಬೆದರಿಸಿದರೋ ಬೇಡಿಕೊಂಡರೋ ತಿಳಿಯದು. ಹೆಂಗಸರು ಈಗ ಒದ್ದೆ ಕೈಯಲ್ಲೇ ಗುಡ್ಡಕ್ಕೆ ಬರುತ್ತಾರೆ, ಗಂಜಿ ಕುಡಿಯುತ್ತಾರೆ, ಮೈಗೆಲ್ಲ ಮೀನಿನ ವಾಸನೆ. ಮಕ್ಕಳ ಸಾಲು ತಿರುವಿನಲ್ಲಿ ಕಾಣುವವರೆಗೂ ಮಾತು ನಗು ಇರುತ್ತದೆ. ಸಾಲು ಕಂಡ ಕೂಡಲೇ ಎಲ್ಲರೂ ಸುಮ್ಮನಾಗಿಬಿಡುತ್ತಾರೆ. ತಮ್ಮದು ಇದೆಯೇ ಎಂದು ಕಣ್ಣಲ್ಲಿ ಹುಡುಕುತ್ತಾರೆ. ಅದು ಬರೀ ಅಭ್ಯಾಸ ಎಂದು ಗೊತ್ತಿದ್ದರೂ.

ದಂಡೆಯ ಕಡೆ ಹೊಸದಾಗಿ ಯಾರಾದರೂ ಬಾಡಿಗೆಗೆ ಬಂದರೆಂದು ತಿಳಿದರೆ ಉನಿ ಅಂದೇ ನನ್ನನ್ನು ಕರೆಯುತ್ತಾರೆ. ಮೊನ್ನೆಯೂ ಹೋದೆವು. ಎಳೆಯ ವಯಸ್ಸಿನ ದಂಪತಿ, ಇನ್ನೂ ಸಾಮಾನು ಬಿಚ್ಚಿರಲಿಲ್ಲ. ಹೆಂಡತಿ ಚಾಪೆ ಹಾಕಿದಳು.

"ಮಗು ಇನ್ನೂ ಶಾಲೆಗೆ ಸೇರೇ ಇಲ್ಲ ಟೀಚರ್. ಈಗಲೇ ಯಾಕೆ ಬಂದ್ರಿ?"

ಉನಿ ಮಾತು ಶುರು ಮಾಡಿ, ಅರ್ಧಕ್ಕೇ ಬಿಟ್ಟು ತೋಪಿನ ಕಡೆ ನೋಡಿದರು. ಹೊರಗೆ ಅಲೆಗಳ ಸದ್ದು ತೀರ ಹತ್ತಿರದಲ್ಲಿತ್ತು. ನಾನು ಅವರ ಪಕ್ಕಕ್ಕೆ ಸರಿದು ಕುಳಿತು, ಆ ಹೆಂಗಸಿಗೆ, "ನಿನ್ನ ಹೆಸರು ಹೇಳಮ್ಮ ಮೊದಲು," ಎಂದೆ.